ಬಿರಡೆಯ ಬಿಗಿ



ಮಲೆನಾಡಿನ ಕಾಫಿ ತೋಟದ ಮನೆಯಲ್ಲಿ ಹುಡುಕಿದರೆ ಸಿಗದ ಸಾಮಾನು ಕಡಿಮೆ. ಕಣದ ಮಗ್ಗುಲಿನ ಸಾಮಾನಿನ ಕೋಣೆಯ ಬಾಗಿಲು ತೆಗೆದು ನೋಡಿ. ಕತ್ತಿ, ಹಾರೆ, ಗುದ್ದಲಿ, ಗಿಡ ಕಸಿ ಮಾಡುವ ಕತ್ತರಿ, ಮರಗಸಿಗೆ ಹೋಗುವವರ ಹಗ್ಗ, ಚೀಲ ಹೊಲಿಯುವ ದಬ್ಬಳ, ಗೋಣಿದಾರದ ಉಂಡೆ, ಸ್ಪ್ರಿಂಕ್ಲರ್ ಪೈಪಿನ ವಾಷರು, ಪಂಪ್‌ಸೆಟ್ಟಿನ ಸ್ಪ್ಯಾನರು, ಹಳೆಯ ಬಿಸ್ಕತ್ತಿನ ಡಬ್ಬಿ ತುಂಬ ಮೊಳೆ ಮತ್ತು ಸ್ಕ್ರೂ, ಎಲ್ಲವೂ ಇರುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಪೇಟೆಗೆ ಹೋಗಲಾಗದು. ಇದ್ದುದರಲ್ಲೇ ರಿಪೇರಿ ಆಗಬೇಕು. ಹಾಗಾಗಿ ಇಲ್ಲಿನವರು ಯಾವ ಕಬ್ಬಿಣದ ತುಂಡನ್ನೂ ಎಸೆಯುವುದಿಲ್ಲ. ಆದರೆ ಒಂದು ಉಪಕರಣ ಮಾತ್ರ ಹತ್ತು ಮನೆ ಹುಡುಕಿದರೂ ಸಿಗುವುದು ಕಷ್ಟ. ಅದು ವೈನ್ ಬಾಟಲಿಯ ಬಿರಡೆ ತೆಗೆಯುವ ತಿರುಪು, ಕಾರ್ಕ್‌ಸ್ಕ್ರೂ.

ಅದು ಬೇಕಾಗುವ ಹೊತ್ತು ಈಗ ಮೇಲಿಂದ ಮೇಲೆ ಬರುತ್ತಿದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸುತ್ತ ಯಾವ ಅಡ್ಡರಸ್ತೆಗೆ ತಿರುಗಿದರೂ ಹೋಂಸ್ಟೇ ಬೋರ್ಡು ಕಾಣುತ್ತದೆ. ಶನಿವಾರ ಸಂಜೆ ಬೆಂಗಳೂರಿನಿಂದ ಬಂದ ನಂಟರೋ ಅತಿಥಿಗಳೋ ಚೀಲದಿಂದ ಒಂದು ವೈನ್ ಬಾಟಲಿ ತೆಗೆದು ಮೇಜಿನ ಮೇಲಿಡುತ್ತಾರೆ. ಮಗಳ ಮದುವೆ ಗೊತ್ತಾದ ಸಂತೋಷವಿರಬಹುದು, ಹೊಸ ವರ್ಷವಿರಬಹುದು. ಸುತ್ತಿದ ತಗಡು ಬಿಚ್ಚಿ ನೋಡಿದರೆ ಬಾಟಲಿಯ ಕುತ್ತಿಗೆಯೊಳಗೆ ಬಿರಡೆ ಕಲ್ಲಿನ ಹಾಗೆ ಕೂತಿದೆ. ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ತಿರುಗಿ, ಅಲ್ಲಿಂದ ಮಣ್ಣು ರಸ್ತೆಯಲ್ಲಿ ಇಳಿದು ಬಂದ ಮೇಲೆ ಯಾವ ಅಂಗಡಿಗೆ ಹೋಗುವುದು?

ಇವತ್ತಿನ ನನ್ನ ಮಾತು ಕುಡಿತದ ಪರವೂ ಅಲ್ಲ, ವಿರೋಧವೂ ಅಲ್ಲ. ಅದನ್ನು ಅವರವರ ಮನೆಗೆ, ಮನಸ್ಸಿಗೆ ಬಿಟ್ಟಿದ್ದೇನೆ. ನನ್ನ ಕಾಳಜಿ ಕೈಗಳದ್ದು. ಇಂಥ ಸಂಜೆಗಳಲ್ಲಿ ಮೊಬೈಲಿನಲ್ಲಿ ನೋಡಿದ ಚಮತ್ಕಾರವೊಂದನ್ನು ಮಾಡಲು ಹೋಗಿ ಅಂಗೈ ಹರಿದುಕೊಂಡ ಹುಡುಗರನ್ನು ನಾನು ಕಂಡಿದ್ದೇನೆ. ಬಾಟಲಿಯ ತಳವನ್ನು ಶೂ ಒಳಗಿಟ್ಟು ಗೋಡೆಗೆ ಬಡಿಯುವುದು, ಕುತ್ತಿಗೆಗೆ ಲೈಟರ್ ಹಿಡಿಯುವುದು, ತರಕಾರಿ ಚಾಕುವನ್ನು ಬಿರಡೆಗೆ ಚುಚ್ಚಿ ತಿರುಗಿಸುವುದು. ಊರಿನಲ್ಲಿ ಹೀಗಾದರೆ ಹತ್ತು ನಿಮಿಷಕ್ಕೆ ಆಸ್ಪತ್ರೆ. ನಮ್ಮಲ್ಲಿ 108ಕ್ಕೆ ಕರೆ ಮಾಡಲು ಮೊದಲು ನೆಟ್‌ವರ್ಕ್ ಸಿಗುವ ದಿಣ್ಣೆಗೆ ಹತ್ತಬೇಕು, ಆಮೇಲೆ ಕತ್ತಲೆಯ ತಿರುವುಗಳಲ್ಲಿ ಗಂಟೆಗಟ್ಟಲೆ ದಾರಿ. ಬೆರಳಿನ ನರ, ಸ್ನಾಯುರಜ್ಜು ತುಂಡಾದರೆ ಹೊಲಿಗೆ ಹಾಕಲು ತಜ್ಞರೇ ಬೇಕು. ಒಂದು ಬಾಟಲಿಯ ಬಿರಡೆಗಾಗಿ ಕೊಡಬೇಕಾದ ಬೆಲೆ ಅದಲ್ಲ. ಸರಿಯಾಗಿ ತೆಗೆಯುವ ದಾರಿ ಇದೆ, ಅದಕ್ಕೆ ಬೇಕಾದ ಸಾಮಾನು ಆ ಬಿಸ್ಕತ್ತಿನ ಡಬ್ಬಿಯಲ್ಲೇ ಇದೆ. ಮೊದಲು ಬಿರಡೆ ಎಂಥದ್ದು, ಅದನ್ನು ಅಷ್ಟು ಬಿಗಿಯಾಗಿ ಹಿಡಿದಿರುವುದು ಯಾವುದು ಎಂದು ತಿಳಿದುಕೊಳ್ಳಬೇಕು.

ಬಿರಡೆ ಒಂದು ಮರದ ತೊಗಟೆ. ಪೋರ್ಚುಗಲ್, ಸ್ಪೇನ್, ಮೆಡಿಟರೇನಿಯನ್ ಕಡಲಿನ ಪಶ್ಚಿಮ ಭಾಗದ ನಾಡುಗಳಲ್ಲಿ ಬೆಳೆಯುವ ಕಾರ್ಕ್ ಓಕ್ ಎಂಬ ಮರದ್ದು. ನಮ್ಮ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್‌ಗೂ ಇದಕ್ಕೂ ನಂಟಿಲ್ಲ. ಅದು ಆಸ್ಟ್ರೇಲಿಯಾದ ಮರ, ಓಕ್ ಜಾತಿಗೇ ಸೇರಿದ್ದಲ್ಲ. ಕಾರ್ಕ್ ಓಕ್‌ಗೆ ಸುಮಾರು 25 ವರ್ಷ ತುಂಬಿದ ಮೇಲೆ ಮೊದಲ ಸಲ ತೊಗಟೆ ಬಿಡಿಸುತ್ತಾರೆ. ಮರ ಕಡಿಯುವುದಿಲ್ಲ. ಕೊಡಲಿಯ ಬಾಯಿಂದ ಹೊರತೊಗಟೆಯನ್ನು ಮಾತ್ರ ಹಾಳೆಹಾಳೆಯಾಗಿ ಎಬ್ಬಿಸುತ್ತಾರೆ, ಒಳಗಿನ ಜೀವಂತ ಪದರಕ್ಕೆ ಪೆಟ್ಟು ತಾಗಬಾರದು. ಮತ್ತೆ ಅದೇ ಮರವನ್ನು ಮುಟ್ಟುವುದು ಒಂಬತ್ತು ವರ್ಷವಾದ ಮೇಲೆ. ಲೆಕ್ಕ ತಪ್ಪದಿರಲಿ ಎಂದು ಬಿಡಿಸಿದ ಇಸವಿಯ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆದಿಡುತ್ತಾರೆ. ಬಾಟಲಿಗೆ ಒಗ್ಗುವಷ್ಟು ಒಳ್ಳೆಯ ತೊಗಟೆ ಬರುವುದು ಮೂರನೆಯ ಕೊಯ್ಲಿಗೆ. ಅಂದರೆ ಗಿಡ ನೆಟ್ಟವನ ಮಗನ ಕಾಲಕ್ಕೆ ಒಂದು ಹದವಾದ ಬಿರಡೆ. ನೆರಳಿನ ಮರ ಬೆಳೆಸಿ ಕಾಯುವ ಕಾಫಿ ಬೆಳೆಗಾರರಿಗೆ ಆ ತಾಳ್ಮೆ ಎಂಥದ್ದೆಂದು ನಾನು ವಿವರಿಸಬೇಕಾಗಿಲ್ಲ.

ನಮ್ಮಲ್ಲೂ ಬಿರಡೆಯ ಮರವೊಂದಿದೆ. ರಸ್ತೆ ಬದಿಯಲ್ಲಿ, ಶಾಲೆ ಕಾಲೇಜಿನ ಅಂಗಳದಲ್ಲಿ ನೇರ ಎತ್ತರಕ್ಕೆ ಬೆಳೆದು, ರಾತ್ರಿ ಅರಳಿ ಬೆಳಗಿಗೆ ನೆಲದ ತುಂಬ ಬಿಳಿಯ ಕೊಳವೆ ಹೂ ಚೆಲ್ಲುವ ಆಕಾಶಮಲ್ಲಿಗೆ. ಅದರ ತೊಗಟೆಯೂ ಬಿರುಕುಬಿಟ್ಟು ಬೆಂಡಿನ ಹಾಗೆ ಹಗುರವಾಗಿರುತ್ತದೆ. ಅದರಿಂದ ಕೆಳದರ್ಜೆಯ ಬಿರಡೆ ಮಾಡುತ್ತಿದ್ದರು. ಗುಣದಲ್ಲಿ ಓಕ್ ತೊಗಟೆಗೆ ಸಮನಲ್ಲ. ಹಾಗಾಗಿ ವೈನಿಗೆ ಅದು ಹೋಗಲಿಲ್ಲ.

ಗುಣ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ್ದು ಇದೇ ಬಿರಡೆಯ ತೆಳು ಚೂರನ್ನು. ಅದರಲ್ಲಿ ಅವನಿಗೆ ಕಂಡ ಪುಟ್ಟ ಪುಟ್ಟ ಕೋಣೆಗಳಿಂದಲೇ ಜೀವಕೋಶ ಎಂಬ ಪಾಠ ನಮ್ಮ ಮಕ್ಕಳ ವಿಜ್ಞಾನದ ಪುಸ್ತಕಕ್ಕೆ ಬಂತು. ಒಂದು ಘನ ಸೆಂಟಿಮೀಟರಿನಲ್ಲಿ ಅಂಥ ಕೋಣೆಗಳು ಕೋಟಿಗಟ್ಟಲೆ, ಒಂದೊಂದರಲ್ಲೂ ಗಾಳಿ. ಗೋಡೆಗಳಿಗೆ ಮೇಣದಂಥ ಪದಾರ್ಥದ ಲೇಪ, ನೀರು ಒಳಗೆ ಹೋಗದು. ಹಿಸುಕಿದರೆ ಕುಗ್ಗುತ್ತದೆ, ಬಿಟ್ಟರೆ ಮತ್ತೆ ಹಿಗ್ಗಲು ನೋಡುತ್ತದೆ. ವೈನ್ ಬಾಟಲಿಯ ಕುತ್ತಿಗೆಯ ಒಳಗಳತೆ ಸುಮಾರು 18.5 ಮಿಲಿಮೀಟರ್. ಅದರೊಳಗೆ ಯಂತ್ರದಿಂದ ಹಿಸುಕಿ ತೂರಿಸುವ ಬಿರಡೆಯ ಅಡ್ಡಳತೆ 24 ಮಿಲಿಮೀಟರ್. ವರ್ಷಗಟ್ಟಲೆ ಅದು ಹೊರಕ್ಕೆ ಹಿಗ್ಗಲು ನೋಡುತ್ತ ಗಾಜನ್ನು ಸುತ್ತಲೂ ಒತ್ತಿಕೊಂಡೇ ಇರುತ್ತದೆ. ಆ ಒತ್ತಡವೇ ಬಿಗಿ. ಅದನ್ನು ನೇರವಾಗಿ ಎಳೆದು ತೆಗೆಯಲು ಸಾಮಾನ್ಯವಾಗಿ 20ರಿಂದ 40 ಕಿಲೋ ತೂಕ ಎತ್ತುವಷ್ಟು ಬಲ ಬೇಕು. ಒಣಗಿದ ಕಾಫಿ ಬೀಜದ 50 ಕಿಲೋ ಚೀಲವನ್ನು ಹೆಗಲಿಗೇರಿಸುವ ತೋಟದ ಕೆಲಸದವರಿಗೆ ಇದು ದೊಡ್ಡ ಬಲವಲ್ಲ. ಹಿಡಿಯಲು ಹಿಡಿ ಸಿಗದಿರುವುದೇ ತೊಡಕು.

ಇನ್ನೊಂದು ಗುಣ ಇದಕ್ಕಿಂತ ಸೋಜಿಗದ್ದು. ರಬ್ಬರಿನ ತುಂಡನ್ನು ಮೇಲಿಂದ ಒತ್ತಿದರೆ ಅದು ಪಕ್ಕಕ್ಕೆ ಉಬ್ಬುತ್ತದೆ. ಕೊಳವೆಯಲ್ಲಿಟ್ಟು ಒತ್ತಿದರೆ ಉಬ್ಬಿದ ರಬ್ಬರು ಇನ್ನೂ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಬಿರಡೆ ಹೆಚ್ಚುಕಡಿಮೆ ಉಬ್ಬುವುದೇ ಇಲ್ಲ. ಅದರ ಗಾಳಿಕೋಣೆಗಳ ಗೋಡೆಗಳು ಮಡಿಚಿಕೊಳ್ಳುತ್ತವೆ, ಅಗಲ ಹಾಗೇ ಉಳಿಯುತ್ತದೆ. ಹಾಗಾಗಿಯೇ ಬಿರಡೆಯನ್ನು ಎಳೆದರೆ ಹೊರಕ್ಕೂ, ಒತ್ತಿದರೆ ಒಳಕ್ಕೂ ಜಾರಿಸಬಹುದು. ಎರಡೂ ದಾರಿ ತೆರೆದಿದೆ. ಎಳೆಯುವ ದಾರಿ ಮೇಲು. ಮೊದಲು ಅದನ್ನು ಹೇಳುತ್ತೇನೆ.

ಕಾರ್ಕ್‌ಸ್ಕ್ರೂ ಎಂಬ ಉಪಕರಣ ಹುಟ್ಟಿದ ಬಗೆ ನಮ್ಮ ಕಡೆಯವರಿಗೆ ಕೂಡಲೇ ಅರ್ಥವಾಗುವಂಥದ್ದು. ಬೆಳೆ ಕಾಯಲು ಲೈಸೆನ್ಸಿನ ಕೇಪಿನ ಕೋವಿ ಇಟ್ಟುಕೊಂಡ ಹಿರಿಯರು ಈ ಬೆಟ್ಟಗಳಲ್ಲಿ ಬೇಕಾದಷ್ಟು ಜನ. ನಳಿಗೆಯ ಬಾಯಿಂದ ಮದ್ದು ಸುರಿದು, ಅದರ ಮೇಲೆ ತೆಂಗಿನ ನಾರು ತುರುಕಿ, ಕಬ್ಬಿಣದ ಸರಳಿನಿಂದ ಜಡಿಯುವುದನ್ನು ಅವರು ಬಲ್ಲರು. ಈಡು ಹಾರದೆ ಒಳಗೇ ಉಳಿದರೆ ಅದನ್ನು ಹೊರಗೆ ತೆಗೆಯುವುದು ಹೇಗೆ? ಯುರೋಪಿನ ಸಿಪಾಯಿಗಳು ಸರಳಿನ ತುದಿಗೆ ಸುರುಳಿ ಸುತ್ತಿದ ಚೂಪು ಉಕ್ಕನ್ನು ಸಿಕ್ಕಿಸುತ್ತಿದ್ದರು. ತಿರುಗಿಸಿದರೆ ಅದು ನಾರನ್ನು ಕಚ್ಚುತ್ತದೆ, ಎಳೆದರೆ ನಾರಿನ ಮುದ್ದೆ ಹೊರಗೆ ಬರುತ್ತದೆ. ಇಂಗ್ಲೆಂಡಿನಲ್ಲಿ ಗಟ್ಟಿ ಗಾಜಿನ ಬಾಟಲಿಯೂ ಅದಕ್ಕೆ ಬಿಗಿ ಬಿರಡೆಯೂ ಬಳಕೆಗೆ ಬಂದಾಗ ಅದೇ ಉಕ್ಕಿನ ಸುರುಳಿ ಕೋವಿಯಿಂದ ಊಟದ ಮೇಜಿಗೆ ಬಂತು. 1681ರಲ್ಲಿ ನೆಹೆಮಿಯಾ ಗ್ರೂ ಎಂಬ ಸಸ್ಯವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯ ಸಂಗ್ರಹದ ಪಟ್ಟಿ ಬರೆಯುವಾಗ ಬಿರಡೆ ಎಳೆಯುವ ಉಕ್ಕಿನ ಹುಳುವಿನ ಪ್ರಸ್ತಾಪ ಮಾಡಿದ್ದಾನೆ. 1795ರಲ್ಲಿ ಸ್ಯಾಮ್ಯುಯೆಲ್ ಹೆನ್ಶಾಲ್ ಎಂಬ ಪಾದ್ರಿ ಇಂಗ್ಲೆಂಡಿನಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅವನು ಮಾಡಿದ್ದು ಸಣ್ಣ ಸೇರ್ಪಡೆ: ಸುರುಳಿಯ ಬುಡದಲ್ಲಿ ಒಂದು ಬಿಲ್ಲೆ. ಸುರುಳಿ ಪೂರ್ತಿ ಇಳಿದಾಗ ಬಿಲ್ಲೆ ಬಿರಡೆಯ ತಲೆಗೆ ಕೂರುತ್ತದೆ. ಇನ್ನೂ ತಿರುಗಿಸಿದರೆ ಬಿರಡೆಯೇ ಗಾಜಿನೊಳಗೆ ಸುತ್ತುತ್ತದೆ. ಸುತ್ತಿದ ಕ್ಷಣ ಗಾಜಿಗೂ ತೊಗಟೆಗೂ ಇದ್ದ ಅಂಟು ಬಿಡುತ್ತದೆ, ಆಮೇಲೆ ಎಳೆಯುವುದು ಹಗುರ. ಈ ಪಾದ್ರಿಯ ಉಪಾಯವನ್ನು ನೆನಪಿನಲ್ಲಿಡಿ. ನಮ್ಮ ಡಬ್ಬಿಯ ಸ್ಕ್ರೂ ಹಿಡಿದು ಮಾಡುವ ಕೆಲಸಕ್ಕೂ ಅದೇ ಬೇಕು.

ನಮ್ಮ ತೋಟಕ್ಕೆ ಪಂಪ್‌ಸೆಟ್ ರಿಪೇರಿಗೆ ಬರುವ ಮೇಸ್ತ್ರಿಯೊಬ್ಬರಿದ್ದಾರೆ. ಒಂದು ಸಂಜೆ ಅವರು ಕೈ ತೊಳೆದು ಕಾಫಿ ಕುಡಿಯುತ್ತಿದ್ದಾಗ ಜಗಲಿಯಲ್ಲಿ ಅತಿಥಿಯೊಬ್ಬರು ಬಾಟಲಿಯನ್ನು ಕಂಬಕ್ಕೆ ಬಡಿಯಲು ಕೈಯೆತ್ತಿದ್ದರು.

"ಸಾರ್, ಹೊಡೀಬೇಡಿ. ಇಲ್ಲಿ ಕೊಡಿ ಒಂದ್ಸಲ" ಎಂದರು ಮೇಸ್ತ್ರಿ.

"ಓಪನರ್ ಇಲ್ವಲ್ಲ ಯಜಮಾನ್ರೇ, ಏನ್ ಮಾಡೋದು?"

"ಅದ್ಯಾಕೆ ಬೇಕು? ಅಮ್ಮಾ, ಪರದೆ ತಂತಿ ಕಟ್ಟೋ ಕೊಕ್ಕೆ ಒಂದಿದ್ರೆ ಕೊಡಿ. ದೊಡ್ಡದು ಬೇಕು."

ಕಿಟಕಿಯ ಪರದೆಗೆ ತಂತಿ ಎಳೆಯಲು ಮರದ ಚೌಕಟ್ಟಿಗೆ ತಿರುಗಿಸಿ ಕೂರಿಸುವ ಸ್ಕ್ರೂ ಇರುತ್ತದಲ್ಲ, ತಲೆಯ ಕಡೆ ಬಳೆಯ ಹಾಗೆ ದುಂಡಗಿರುವಂಥದ್ದು, ಅದು. ಉಯ್ಯಾಲೆ, ಹೂಕುಂಡ ತೂಗುಹಾಕಲು ಬಳಸುವ ದಪ್ಪದ್ದಾದರೆ ಇನ್ನೂ ಉತ್ತಮ. ಮೇಸ್ತ್ರಿ ಬಾಟಲಿಯನ್ನು ಮಣೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಕುತ್ತಿಗೆಗೆ ಒದ್ದೆ ಬೈರಾಸು ಸುತ್ತಿದರು. ಕೊಕ್ಕೆಯ ಮೊನೆಯನ್ನು ಬಿರಡೆಯ ನಡುಮಧ್ಯಕ್ಕೆ ಹಿಡಿದು, ಬೆರಳಿನಿಂದಲೇ ನಾಲ್ಕು ಸುತ್ತು ತಿರುಗಿಸಿದರು. ಅದು ವಾಲುತ್ತಿಲ್ಲವಷ್ಟೇ ಎಂದು ಎರಡು ಕಡೆಯಿಂದ ನೋಡಿದರು. ಆಮೇಲೆ ಬಳೆಯೊಳಗೆ ಸ್ಕ್ರೂಡ್ರೈವರಿನ ಸರಳು ತೂರಿಸಿ, ಅದನ್ನೇ ಹಿಡಿ ಮಾಡಿಕೊಂಡು ತಿರುಗಿಸುತ್ತ ಹೋದರು. ಕೊಕ್ಕೆ ಪೂರ್ತಿ ಇಳಿದ ಮೇಲೆ ಇನ್ನೂ ಸ್ವಲ್ಪ ತಿರುಗಿಸಿದಾಗ ಬಿರಡೆ ಕಿರುಗುಟ್ಟಿ ಜಾಗದಲ್ಲೇ ಸುತ್ತಿತು. ಹೆನ್ಶಾಲ್ ಪಾದ್ರಿಯ ಹೆಸರನ್ನು ಅವರು ಕೇಳಿರಲಾರರು. ಬೋಲ್ಟು ತುಕ್ಕು ಹಿಡಿದಾಗ ಎಳೆಯುವ ಮೊದಲು ಅಲುಗಿಸಿ ಬಿಡಿಸಬೇಕೆಂದು ಅವರ ಕೈಗೆ ಗೊತ್ತಿತ್ತು. ಬಾಟಲಿಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಬೆನ್ನು ನೇರ ಮಾಡಿ, ಎರಡೂ ಕೈಯಿಂದ ಸರಳನ್ನು ಸಮವಾಗಿ ಮೇಲಕ್ಕೆ ಎತ್ತಿದರು. ಜರ್ಕು ಕೊಡಲಿಲ್ಲ, ಅಡ್ಡಡ್ಡ ಅಲ್ಲಾಡಿಸಲಿಲ್ಲ. ಬಿರಡೆ ಇಡಿಯಾಗಿ ಬಂತು. ಮೇಸ್ತ್ರಿ ವೈನ್ ಮುಟ್ಟಲಿಲ್ಲ. ಕಾಫಿ ಲೋಟ ಎತ್ತಿಕೊಂಡು ಪಂಪಿನ ವಾಷರಿನ ಮಾತಿಗೆ ಮರಳಿದರು. ಆ ಕೈಯ ನಿಧಾನವನ್ನು ನಾನು ಇವತ್ತಿಗೂ ಗೌರವದಿಂದ ನೆನೆಯುತ್ತೇನೆ. ಇಂಥ ಕೈಗಳ ಮೇಲೆಯೇ ಈ ಗುಡ್ಡದ ಬದುಕು ನಿಂತಿದೆ.

ದುಂಡು ತಲೆಯ ಕೊಕ್ಕೆ ಇಲ್ಲದಿದ್ದರೆ ಮರಕ್ಕೆ ಹಾಕುವ ಸಾಮಾನ್ಯ ಸ್ಕ್ರೂ ಆಗುತ್ತದೆ. ಎರಡೂವರೆ, ಮೂರು ಇಂಚಿನದ್ದು, ಎಳೆ ದೂರದೂರ ಇರುವಂಥದ್ದು ಆರಿಸಿ. ಎಳೆ ಒತ್ತೊತ್ತಾಗಿದ್ದರೆ ಬಿರಡೆಯನ್ನು ಕಚ್ಚುವ ಬದಲು ಕೊರೆದು ಪುಡಿ ಮಾಡುತ್ತದೆ. ತುಕ್ಕು ಹಿಡಿದದ್ದು ಬೇಡ. ನಮ್ಮ ಮಳೆಗಾಲ ಕಂಡ ಸ್ಕ್ರೂ ಎಳೆಯುವಾಗ ತಲೆ ಕಳಚಿಕೊಂಡರೆ ಇನ್ನೊಂದು ಫಜೀತಿ. ಬಿಸಿನೀರಿನಲ್ಲಿ ತೊಳೆದು ಒರೆಸಿ. ಸ್ಕ್ರೂಡ್ರೈವರಿನಿಂದ ಇಳಿಸಿ, ಅರ್ಧ ಇಂಚು ಮೇಲೆ ಉಳಿಸಿ. ಮೊಳೆ ಕೀಳುವ ಸೀಳು ಬಾಯಿಯ ಸುತ್ತಿಗೆ ಇದ್ದರೆ ಸ್ಕ್ರೂ ತಲೆಯನ್ನು ಅದರಲ್ಲಿ ಸಿಕ್ಕಿಸಿ ನಿಧಾನವಾಗಿ ಮೀಟಬಹುದು. ಸುತ್ತಿಗೆ ಗಾಜಿನ ಅಂಚಿಗೆ ಊರುವ ಕಡೆ ನಾಲ್ಕು ಮಡಿಕೆ ಬಟ್ಟೆ ಇರಲೇಬೇಕು. ಸುತ್ತಿಗೆ ಇಲ್ಲದಿದ್ದರೆ ಕಟಿಂಗ್ ಪ್ಲೇಯರಿನಿಂದ ತಲೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಅದೂ ಕಷ್ಟವಾದರೆ ಸ್ಕ್ರೂ ಕುತ್ತಿಗೆಗೆ ಗೋಣಿದಾರ ನಾಲ್ಕಾರು ಸುತ್ತು ಬಿಗಿದು ಕಟ್ಟಿ, ದಾರದ ಮೇಲ್ತುದಿಗೆ ಒಂದು ಕಾಫಿ ಕಡ್ಡಿ ಅಡ್ಡ ಕಟ್ಟಿ. ಹಿಡಿ ಸಿದ್ಧ. ಕಾಫಿ ಗಿಡದ ಕಡ್ಡಿಯಷ್ಟು ಗಟ್ಟಿ ಹಿಡಿ ಪೇಟೆಯ ಉಪಕರಣಕ್ಕೂ ಇರುವುದಿಲ್ಲ.

ದಬ್ಬಳದ ಬಗ್ಗೆ ಕೇಳುವವರಿದ್ದಾರೆ. ಬೇಡ. ದಬ್ಬಳಕ್ಕೆ ಎಳೆಗಳಿಲ್ಲ, ಚುಚ್ಚಿದಷ್ಟೇ ಸುಲಭವಾಗಿ ಜಾರಿ ಬರುತ್ತದೆ. ನಾಲ್ಕು ಸಲ ಚುಚ್ಚಿದರೆ ಬಿರಡೆ ಒಳಗೊಳಗೇ ಪುಡಿಯಾಗಿ, ಆಮೇಲೆ ಸ್ಕ್ರೂ ಹಾಕಿದರೂ ಕಚ್ಚಲು ಏನೂ ಉಳಿಯುವುದಿಲ್ಲ. ಮೊಳೆ ಹೊಡೆಯುವುದೂ ಹಾಗೆಯೇ. ಸುತ್ತಿಗೆಯ ಪ್ರತಿ ಪೆಟ್ಟು ಗಾಜಿನ ಕುತ್ತಿಗೆಗೆ ಬೀಳುತ್ತದೆ.

ಸ್ಕ್ರೂ ಯಾವುದೂ ಸಿಗದ ಜಾಗದಲ್ಲಿದ್ದೀರಿ ಎನ್ನಿ, ಆಗ ಒಳಕ್ಕೆ ದೂಡುವ ದಾರಿ. ಬೆರಳಿನ ದಪ್ಪದ, ಮೊಂಡು ತುದಿಯ, ಬಾಟಲಿಯ ಬಾಯಿಗಿಂತ ಸಣ್ಣದಾದ ಮರದ ಕಡ್ಡಿ ಬೇಕು. ಮರದ ಸೌಟಿನ ಹಿಡಿ ಸಾಕು. ಬಿರಡೆಯ ಮೇಲಿನ ಧೂಳು, ಬೂಷ್ಟು ಒರೆಸಿ ತೆಗೆಯಿರಿ. ಮಳೆಗಾಲದ ತೇವಕ್ಕೆ ಬಿರಡೆಯ ತಲೆಗೆ ಬೂಷ್ಟು ಕಟ್ಟುವುದು ಇಲ್ಲಿ ಸಾಮಾನ್ಯ, ಅದರಿಂದ ಒಳಗಿನ ವೈನ್ ಕೆಟ್ಟಿದೆ ಎಂದು ತಿಳಿಯಬೇಕಿಲ್ಲ. ಬಾಟಲಿಯನ್ನು ನೆಲದ ಮೇಲೆ, ಬಟ್ಟೆಯ ಮಡಿಕೆಯ ಮೇಲೆ ನಿಲ್ಲಿಸಿ. ಕುತ್ತಿಗೆಗೂ ಕಡ್ಡಿಗೂ ಸೇರಿಸಿ ಟವೆಲ್ ಸುತ್ತಿ, ಮುಖ ಪಕ್ಕಕ್ಕಿಟ್ಟುಕೊಂಡು ನಿಧಾನವಾಗಿ ಒತ್ತಿ. ಟವೆಲ್ ಯಾಕೆಂದರೆ, ಬಿರಡೆಯ ಕೆಳಗೆ ವೈನಿನ ಮೇಲೆ ಇರುವುದು ಬೆರಳಗಲದಷ್ಟು ಗಾಳಿ. ಬಿರಡೆ ಇಳಿದಂತೆ ಆ ಗಾಳಿ ಒತ್ತಿಕೊಳ್ಳುತ್ತದೆ. ಬಿರಡೆ ಕುತ್ತಿಗೆ ದಾಟಿ ಹೊಟ್ಟೆಗೆ ಬಿದ್ದ ಗಳಿಗೆ ಆ ಒತ್ತಡ ವೈನನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಕೆಂಪು ವೈನಾದರೆ ಬಿಳಿ ಗೋಡೆಗೆ ಬಿದ್ದ ಕಲೆ ಸುಣ್ಣ ಹೊಡೆಯುವವರೆಗೂ ಹೋಗದು. ಒತ್ತುವಾಗ ಕಡ್ಡಿ ಜಾರಿದರೆ ಅಂಗೈ ಗಾಜಿನ ಅಂಚಿಗೆ ಬೀಳುತ್ತದೆ. ಅದಕ್ಕೇ ಒತ್ತುವ ಕೈ ಬಾಟಲಿಯ ನೇರಕ್ಕಿರಬೇಕು, ಹಿಡಿದ ಕೈ ಕುತ್ತಿಗೆಯಿಂದ ಕೆಳಗಿರಬೇಕು.

ಒಳಗೆ ಬಿದ್ದ ಬಿರಡೆ ತೇಲುತ್ತದೆ. ಸುರಿಯುವಾಗ ಅದೇ ಬಾಯಿಗೆ ಬಂದು ಅಡ್ಡ ನಿಲ್ಲುತ್ತದೆ. ತೆಳ್ಳನೆಯ ಬಿದಿರು ಕಡ್ಡಿಯಿಂದ ಅದನ್ನು ಹಿಂದಕ್ಕೆ ತಡೆದು, ಇಡೀ ಬಾಟಲಿಯನ್ನು ಒಮ್ಮೆಗೇ ಜಗ್ಗಿಗೆ ಸುರಿದುಬಿಡುವುದು ಒಳ್ಳೆಯದು. ಪುಡಿ ಬಿದ್ದಿದ್ದರೆ ಕಾಫಿ ಸೋಸುವ ಬಟ್ಟೆ ಮನೆಯಲ್ಲಿ ಇದ್ದೇ ಇದೆ, ಆದರೆ ದಿನವೂ ಬಳಸುವುದು ಬೇಡ. ಅದಕ್ಕೆ ಹಿಡಿದ ಡಿಕಾಕ್ಷನ್ನಿನ ವಾಸನೆ ವೈನಿಗೆ ಇಳಿಯುತ್ತದೆ. ಹೊಸ ಮಲ್ ಬಟ್ಟೆಯ ತುಂಡು ತೊಳೆದು ಬಳಸಿ. ಬಿರಡೆ ಪ್ಲಾಸ್ಟಿಕ್ಕಿನದಾಗಿದ್ದರೆ ದೂಡುವ ಗೋಜಿಗೆ ಹೋಗಬೇಡಿ. ಅದು ಕಾರ್ಕಿನ ಹಾಗೆ ಇಳಿಯುವುದಿಲ್ಲ. ಅದಕ್ಕೆ ಸ್ಕ್ರೂ ಒಂದೇ ಮದ್ದು.

ಶೂ ಹಾಕಿ ಗೋಡೆಗೆ ಬಡಿಯುವ ಉಪಾಯ ಸುಳ್ಳಲ್ಲ, ಅದೂ ಕೆಲಸ ಮಾಡುತ್ತದೆ. ಅದಕ್ಕೇ ಅದರ ಬಗ್ಗೆ ನನಗೆ ಹೆಚ್ಚು ಭಯ. ಬಡಿದಾಗ ಒಳಗಿನ ದ್ರವ ಹಿಂದಕ್ಕೂ ಮುಂದಕ್ಕೂ ಅಪ್ಪಳಿಸಿ ಬಿರಡೆಯನ್ನು ಒಂದೊಂದು ಕೂದಲೆಳೆಯಷ್ಟು ಹೊರಗೆ ದೂಡುತ್ತದೆ. ಆದರೆ ಗಾಜು ಎಷ್ಟು ಗಟ್ಟಿ ಎಂದು ಹೇಳುವುದು ಅದರ ದಪ್ಪವೊಂದೇ ಅಲ್ಲ, ಅದರ ಮೇಲಿನ ಗೀರೂ ಹೌದು. ಕಣ್ಣಿಗೆ ಕಾಣದ ಗೀರೊಂದಿದ್ದರೆ ಹತ್ತು ಪೆಟ್ಟು ತಾಳಿದ ಬಾಟಲಿ ಹನ್ನೊಂದನೆಯದಕ್ಕೆ ಕೈಯಲ್ಲೇ ಒಡೆಯುತ್ತದೆ. ಕುತ್ತಿಗೆಗೆ ಬೆಂಕಿ ಹಿಡಿದರೂ ಅಷ್ಟೇ. ಒಂದು ಕಡೆ ಕಾದು ಒಂದು ಕಡೆ ತಣ್ಣಗಿರುವ ಗಾಜು ಸೀಳುತ್ತದೆ. ಪೋರ್ಚುಗಲ್ಲಿನ ಹಳೆಯ ಪೋರ್ಟ್ ವೈನ್ ಬಾಟಲಿಗಳ ಕುತ್ತಿಗೆಯನ್ನು ಕಾದ ಇಕ್ಕಳದಿಂದ ಹಿಡಿದು, ತಣ್ಣೀರು ತಾಗಿಸಿ ನೀಟಾಗಿ ಕತ್ತರಿಸುವ ಪದ್ಧತಿ ಇದೆ. ಅದಕ್ಕೆ ಅಳತೆಯ ಇಕ್ಕಳವೂ ಪಳಗಿದ ಕೈಯೂ ಬೇಕು. ಸೊಂಟದ ಕತ್ತಿ ತೆಗೆದು ಕುತ್ತಿಗೆ ಹಾರಿಸುವುದಂತೂ ಮಾಡಲೇಬಾರದು. ಗಾಜಿನ ಚೂರು ವೈನಿನೊಳಗೆ ಬಿದ್ದರೆ ಕಾಣುವುದಿಲ್ಲ, ಸೋಸಿದರೂ ನಂಬುವ ಹಾಗಿಲ್ಲ.

ನೊರೆ ವೈನಿನ ಮಾತು ಪೂರ್ತಿ ಬೇರೆ. ಶಾಂಪೇನ್ ಜಾತಿಯ ಬಾಟಲಿಗೆ ಬಿರಡೆಯ ಮೇಲೆ ತಂತಿಯ ಬುಟ್ಟಿ ಇರುತ್ತದೆ. ಒಳಗೆ ಐದಾರು ವಾತಾವರಣದಷ್ಟು ಒತ್ತಡ, ಕಾರಿನ ಟಯರಿನೊಳಗಿನ ಗಾಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಅದಕ್ಕೆ ಸ್ಕ್ರೂ ಹಾಕಿದರೆ ಸ್ಕ್ರೂ ಸಮೇತ ಬಿರಡೆ ಕಣ್ಣಿಗೆ ಹಾರೀತು. ಅದನ್ನು ಚೆನ್ನಾಗಿ ತಣ್ಣಗೆ ಮಾಡಿ, ಬಿರಡೆಯ ಮೇಲೆ ಬಟ್ಟೆ ಹಾಕಿ ಹೆಬ್ಬೆರಳು ಒತ್ತಿಕೊಂಡೇ ತಂತಿ ಸಡಿಲಿಸಿ. ಬಿರಡೆಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯಿಂದ ಬಾಟಲಿಯ ತಳವನ್ನು ತಿರುಗಿಸಿ. ಅದು ತಾನಾಗಿ ಎದ್ದು ಬರುತ್ತದೆ. ನೀವು ಮಾಡಬೇಕಾದದ್ದು ಅದು ಹಾರದಂತೆ ತಡೆಯುವುದು.

ಈ ಒತ್ತಡದ ಮಾತು ಬಂದದ್ದರಿಂದ ನಮ್ಮ ಮನೆಗಳ ವೈನಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕರ್ನಾಟಕದ ವೈನ್ ದ್ರಾಕ್ಷಿ ಬೆಳೆಯುವುದು ಬಯಲಿನಲ್ಲಿ, ನಂದಿಬೆಟ್ಟದ ತಪ್ಪಲು, ದೊಡ್ಡಬಳ್ಳಾಪುರ, ವಿಜಯಪುರದ ಕಡೆ. ಸರ್ಕಾರ ಅದಕ್ಕೆಂದು 2007ರಲ್ಲಿ ವೈನ್ ನೀತಿ ತಂದಿತು. ನಮ್ಮ ಮಳೆಗೆ, ಮಂಜಿಗೆ ದ್ರಾಕ್ಷಿ ಬಳ್ಳಿ ಬೂಷ್ಟು ಹಿಡಿದು ಸಾಯುತ್ತದೆ. ಆದರೂ ಕಾಫಿ ಬೆಟ್ಟದಲ್ಲಿ ವೈನ್ ಹೊಸದಲ್ಲ. ಬ್ರಿಟಿಷ್ ತೋಟಗಾರರ ಬಂಗಲೆಗಳು ಒಂದು ಕಡೆ; ಕರಾವಳಿಯಿಂದ ಘಟ್ಟ ಹತ್ತಿ ಬಂದು ತೋಟ ಮಾಡಿದ, ತೋಟಗಳಲ್ಲಿ ರೈಟರುಗಳಾಗಿ ದುಡಿದ ಕ್ರೈಸ್ತ ಕುಟುಂಬಗಳು ಇನ್ನೊಂದು ಕಡೆ. ಚಿಕ್ಕಮಗಳೂರಿಗೆ 1963ರಲ್ಲಿ ತನ್ನದೇ ಧರ್ಮಪ್ರಾಂತ ಬಂತು; ಅದಕ್ಕೂ ಮುಂಚಿನಿಂದ ಆ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಪಿಂಗಾಣಿ ಭರಣಿಯಲ್ಲಿ ಕಪ್ಪು ದ್ರಾಕ್ಷಿ, ಸಕ್ಕರೆ, ಗೋಧಿ, ಲವಂಗ, ಚಕ್ಕೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಇಡುವ ರೂಢಿ ಇದೆ. ಈಚೆಗೆ ಕಿತ್ತಳೆ, ನೇರಳೆ, ಅನಾನಸು, ಶುಂಠಿಯ ವೈನ್ ಎಂದು ಪ್ರವಾಸಿಗರಿಗೆ ಮಾರುವವರೂ ಇದ್ದಾರೆ. ಲೈಸೆನ್ಸ್ ಇಲ್ಲದ ಮಾರಾಟ 1965ರ ಕರ್ನಾಟಕ ಅಬಕಾರಿ ಕಾಯ್ದೆಗೆ ವಿರುದ್ಧ ಎಂಬುದು ಕೊಳ್ಳುವವರಿಗೂ ತಿಳಿದಿರಲಿ.

ಮನೆಯ ವೈನ್ ಹಳೆಯ ರಮ್ಮಿನ ಬಾಟಲಿಗೋ ಜೇನಿನ ಬಾಟಲಿಗೋ ಹೋಗುತ್ತದೆ. ಅವಸರಕ್ಕೆ, ಹುದುಗು ಪೂರ್ತಿ ನಿಲ್ಲುವ ಮೊದಲೇ ತುಂಬಿ, ಬಾಯಿಗೆ ಬಿರಡೆ ಜಡಿದು ಮೇಲೆ ಮೇಣ ಸುರಿಯುತ್ತಾರೆ. ಅಪಾಯ ಅಲ್ಲಿದೆ. ಉಳಿದ ಸಕ್ಕರೆಯನ್ನು ಹುದುಗು ತಿನ್ನುತ್ತಲೇ ಇರುತ್ತದೆ, ಅನಿಲ ಬಿಡುತ್ತಲೇ ಇರುತ್ತದೆ. ಒಂದು ಲೀಟರಿನಲ್ಲಿ ಉಳಿದ 4 ಗ್ರಾಂ ಸಕ್ಕರೆ, ಅಂದರೆ ಒಂದು ಟೀ ಚಮಚೆ, ಹೆಚ್ಚುಕಡಿಮೆ ಒಂದು ಲೀಟರು ಅನಿಲ ಹುಟ್ಟಿಸುತ್ತದೆ. ಆರು ಚಮಚೆ ಉಳಿದಿದ್ದರೆ ಶಾಂಪೇನಿನ ಒತ್ತಡವೇ ಬಂತು. ಶಾಂಪೇನಿನ ಗಾಜು ಅದಕ್ಕೆಂದೇ ದಪ್ಪಗಿರುತ್ತದೆ. ರಮ್ಮಿನ ಬಾಟಲಿಗೆ ಆ ಶಕ್ತಿ ಇಲ್ಲ. ಮೇ ತಿಂಗಳ ಸೆಕೆಗೆ ಅಟ್ಟದ ಮೇಲೆ ಬಾಟಲಿ ಸಿಡಿದ ಮನೆಗಳಿವೆ. ಹಾಗಾಗಿ ಮನೆಯ ವೈನ್ ಯಾರಾದರೂ ಕೊಟ್ಟರೆ ಅದನ್ನು ನೊರೆ ವೈನ್ ಎಂದೇ ತಿಳಿದು ತೆಗೆಯಿರಿ. ಫ್ರಿಜ್ಜಿನಲ್ಲಿ ಅರ್ಧ ದಿನ ಇಡಿ, ತಣ್ಣಗಾದ ದ್ರವ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಾಡಿಸಬೇಡಿ. ದಪ್ಪ ಗೋಣಿಬಟ್ಟೆ ಸುತ್ತಿ, ಮಕ್ಕಳನ್ನು ದೂರ ಕಳಿಸಿ, ಬಾಯಿ ಯಾರ ಕಡೆಗೂ ತಿರುಗದಂತೆ ಹಿಡಿದು, ಬಿರಡೆಯನ್ನು ತಿರುಗಿಸಿ ತಿರುಗಿಸಿ ಸಡಿಲಿಸಿ, ಅನಿಲ ಸುಯ್ಯೆಂದು ಹೋಗಲು ಬಿಡಿ. ಅದಕ್ಕೆ ಸ್ಕ್ರೂ ಚುಚ್ಚಲೂ ಬೇಡಿ, ಒಳಕ್ಕೆ ದೂಡಲೂ ಬೇಡಿ. ಮಾಡುವ ತಾಯಂದಿರಿಗೆ, ಅಜ್ಜಿಯರಿಗೆ ನನ್ನ ವಿನಂತಿ: ಗುಳ್ಳೆ ಏಳುವುದು ನಿಂತು, ಮೇಲಿನದು ತಿಳಿಯಾಗಿ, ಗಷ್ಟು ತಳಕ್ಕೆ ಕೂತ ಮೇಲೂ ಕೆಲವು ವಾರ ಕಾದು ಬಾಟಲಿಗೆ ತುಂಬಿ. ಅಲ್ಲಿಯವರೆಗೆ ಭರಣಿಯ ಬಾಯಿಗೆ ಬಟ್ಟೆಯೇ ಇರಲಿ.

ಎಲ್ಲ ಎಚ್ಚರ ವಹಿಸಿದರೂ ಗಾಜು ತಾಗಿ ಕೈ ಕುಯ್ದುಕೊಂಡರೆ ಕಾಫಿ ಪುಡಿ ಮೆತ್ತಬೇಡಿ. ನಮ್ಮ ಕಡೆ ಅದನ್ನು ಮಾಡುವವರು ಇನ್ನೂ ಇದ್ದಾರೆ. ಡಾಕ್ಟರು ಹೊಲಿಗೆ ಹಾಕುವ ಮೊದಲು ಆ ಪುಡಿಯನ್ನೆಲ್ಲ ಗಾಯದಿಂದ ತೊಳೆದು ತೆಗೆಯಬೇಕಾಗುತ್ತದೆ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆತ್ತಿ ಇಟ್ಟುಕೊಳ್ಳಿ. ಬೆರಳು ಮಡಿಸಲು ಆಗದಿದ್ದರೆ, ತುದಿ ಜೋಮು ಹಿಡಿದಿದ್ದರೆ ಬೆಳಗಿನವರೆಗೆ ಕಾಯಬೇಡಿ, ಆಗಲೇ ಹೊರಡಿ. ವಾಹನ ಓಡಿಸುವವರು ಒಂದು ಗುಟುಕೂ ಕುಡಿದಿರಬಾರದು. ಹೋಂಸ್ಟೇ ನಡೆಸುವವರು ಇದನ್ನು ಮೊದಲೇ ಯೋಚಿಸಿ, ಮನೆಯಲ್ಲಿ ಒಬ್ಬರನ್ನಾದರೂ ಆ ರಾತ್ರಿಗೆ ತಯಾರಾಗಿಟ್ಟಿರಬೇಕು. ಅದಕ್ಕಿಂತ ಸುಲಭದ್ದು, ಅಡುಗೆಮನೆಯ ಡ್ರಾಯರಿನಲ್ಲಿ ಒಂದು ಕಾರ್ಕ್‌ಸ್ಕ್ರೂ ತಂದಿಡುವುದು. ಸಿಗದಿದ್ದರೆ ದಪ್ಪ ಕೊಕ್ಕೆ ಸ್ಕ್ರೂ ಒಂದಕ್ಕೆ ಗಿಡ ಕಸಿ ಮಾಡಿದಾಗ ಬಿದ್ದ ಕಾಫಿ ಕಡ್ಡಿಯ ತುಂಡು ತೂರಿಸಿ, ಮೊಳೆಗೆ ನೇತುಹಾಕಿ.

ತೆಗೆದ ಬಾಟಲಿಯಲ್ಲಿ ವೈನ್ ಉಳಿದರೆ ಅದನ್ನು ಚಿಕ್ಕ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ, ಗಾಳಿಗೆ ಜಾಗ ಬಿಡದೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಎರಡು ಮೂರು ದಿನ ರುಚಿ ನಿಲ್ಲುತ್ತದೆ. ಬಿರಡೆಯನ್ನು ಮತ್ತೆ ಹಾಕುವುದಾದರೆ ವೈನ್ ತಾಗಿದ ಕೆಂಪು ತುದಿಯನ್ನೇ ಕೆಳಗೆ ಮಾಡಿ, ಮೇಲಿನ ತುದಿಯಲ್ಲಿ ಬೂಷ್ಟಿನ ಕೊಳೆ ಇರುತ್ತದೆ. ಹುಳಿಗೆ ತಿರುಗಿದ್ದನ್ನು ಚೆಲ್ಲಬೇಕಾಗಿಲ್ಲ. ಅಗಲ ಬಾಯಿಯ ಜಾಡಿಗೆ ಸುರಿದು, ಬಟ್ಟೆ ಕಟ್ಟಿ ಬೆಚ್ಚಗಿನ ಮೂಲೆಯಲ್ಲಿಟ್ಟರೆ ತಿಂಗಳೆರಡರಲ್ಲಿ ಒಳ್ಳೆಯ ವಿನೆಗರ್ ಆಗುತ್ತದೆ, ಮೀನಿಗೂ ಮಾಂಸಕ್ಕೂ ಉಪ್ಪಿನಕಾಯಿಗೂ ಬರುತ್ತದೆ.